ಕರೆ ಬಂದಾಗ ಬರುವವರು ಯಾರು? ಕಾರವಾರ–ಅಂಕೋಲಾ ತೀರದ ಮೀಸಲು ಬಲ



ದೇಶರಕ್ಷಣೆಯ ಮಾತೆತ್ತಿದರೆ ಕಾರವಾರ–ಅಂಕೋಲಾ ಭಾಗದವರ ಕಣ್ಣು ತಾನಾಗಿ ನೌಕಾನೆಲೆಯಿರುವ ಅರಗಾ, ಬಿಣಗಾ ಕಡೆಗೆ ಹೊರಳುತ್ತದೆ. ಅದು ಸಹಜವೇ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಇಲ್ಲಿನ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿತು. 2014ರ ಜನವರಿಯಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ರಷ್ಯಾದಿಂದ ಹೊರಟು ಇಲ್ಲಿಗೇ ಬಂದು ನಿಂತಿತು. 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವ ರಾಜನಾಥ ಸಿಂಗ್ ಇದೇ ನೆಲೆಯಲ್ಲಿ 2,000 ಕೋಟಿ ರೂಪಾಯಿಗೂ ಮೀರಿದ ಕಾಮಗಾರಿಗಳನ್ನು ಉದ್ಘಾಟಿಸಿದರು. ಇಷ್ಟಕ್ಕೆ ಬಿಟ್ಟುಕೊಟ್ಟದ್ದು 11,000 ಎಕರೆಗೂ ಹೆಚ್ಚು ನೆಲ. ಎದ್ದುಹೋದದ್ದು 4,000ಕ್ಕೂ ಹೆಚ್ಚು ಕುಟುಂಬ. ಈ ಸಭೆಯಲ್ಲಿ ಕುಳಿತವರಲ್ಲೂ ಆ ಮನೆಗಳವರು ಇರಬೇಕು.

ಇಂದಿನ ಉಪನ್ಯಾಸದ ವಿಷಯ ಮಾತ್ರ ಯುದ್ಧನೌಕೆಗಳಲ್ಲ. ನೌಕೆಗಳೆಲ್ಲ ಸಮುದ್ರಕ್ಕೆ ಹೋದ ಮೇಲೆ ದಡ ಕಾಯುವವರು ಯಾರು? ಹೆದ್ದಾರಿ ಮುಚ್ಚಿಹೋದರೆ ಬಿಡಿಸುವವರು ಯಾರು? ನಡುರಾತ್ರಿ ಒಂದು ಗಂಟೆಗೆ ಫೋನ್ ಮಾಡಿದರೆ ಎದ್ದು ಬರುವವರು ಯಾರು? ಪೂರ್ಣಾವಧಿ ಸೇನೆಯ ಬೆನ್ನಿಗೆ ನಿಲ್ಲುವ ಈ ಎರಡನೆಯ ಸಾಲಿಗೆ ಮೀಸಲು ಬಲ ಎಂದು ಹೆಸರು. ಆ ಬಲ ಎಷ್ಟು ಸಜ್ಜಾಗಿದೆ ಎಂಬುದನ್ನು ದೆಹಲಿಯ ಕಡತಗಳಿಂದ ನೋಡುವ ಬದಲು, ಮಾಜಾಳಿಯಿಂದ ಗಂಗಾವಳಿ ನದಿಯವರೆಗಿನ ಈ ಸಣ್ಣ ಪಟ್ಟಿಯಲ್ಲಿ ನಿಂತು ನೋಡುವುದು ಇಲ್ಲಿನ ಉದ್ದೇಶ. ಮೊದಲು ಕಾನೂನಿನಲ್ಲಿ ಏನಿದೆ ಎಂಬುದು, ಸಂಕ್ಷೇಪವಾಗಿ. ಆಮೇಲೆ ಅಂಜುದೀವ್ ಮತ್ತು ಚೆಂಡಿಯಾ ಹೇಳುವ ಎರಡು ಹಳೆಯ ಪಾಠ. ಮೂರನೆಯದಾಗಿ ಸಮುದ್ರದ ಕಾವಲು. ಕೊನೆಗೆ, 2024ರ ಮಳೆಗಾಲ ಈ ತಾಲೂಕುಗಳಿಗೆ ಒಡ್ಡಿದ ಪರೀಕ್ಷೆ. ಪೊಲೀಸ್ ಇಲಾಖೆಯ ಸಶಸ್ತ್ರ ಮೀಸಲು ತುಕಡಿಗಳು ಈ ಚರ್ಚೆಯ ಹೊರಗಿವೆ.

ಕಾನೂನಿನಿಂದ ಆರಂಭಿಸೋಣ. ಸೇವೆ ಮುಗಿಸಿದ ಸೈನಿಕನನ್ನು ಮತ್ತೆ ಕರೆಯುವ ವ್ಯವಸ್ಥೆ ಹಳೆಯದು; ಭಾರತೀಯ ಮೀಸಲು ಪಡೆಗಳ ಕಾಯ್ದೆಯೇ 1888ರದ್ದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಎರಡು ಕಾಯ್ದೆಗಳು ಬಂದವು. ಒಂದು ಎನ್‌ಸಿಸಿಯದು, ಇನ್ನೊಂದು ಪ್ರಾದೇಶಿಕ ಸೇನೆಯದು, ಅಂದರೆ ಟೆರಿಟೋರಿಯಲ್ ಆರ್ಮಿಯದು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಪ್ರಾದೇಶಿಕ ಸೇನೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ನೌಕರಿಯನ್ನೋ ವ್ಯಾಪಾರವನ್ನೋ ಬಿಡದೆ ವರ್ಷಕ್ಕೆ ಕೆಲವು ವಾರ ಸಮವಸ್ತ್ರ ತೊಡುವುದು, ಕರೆ ಬಂದಾಗ ಪೂರ್ಣಾವಧಿ ಸೈನಿಕನಾಗುವುದು ಇದರ ಕ್ರಮ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಕಾಶ್ಮೀರದಲ್ಲಿ ಎರಡು ವಾರ ಕಾವಲು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ ನೆಲೆಯಿರುವ 106ನೇ ಪ್ಯಾರಾ ಬೆಟಾಲಿಯನ್ನಿನ ಗೌರವ ಅಧಿಕಾರಿಯಾಗಿ. ನಮ್ಮ ಭಾಗಕ್ಕೆ ಹತ್ತಿರದ ಬೆಟಾಲಿಯನ್ ಬೆಳಗಾವಿಯ 115ನೆಯದು, ಮಹಾರ್ ರೆಜಿಮೆಂಟಿಗೆ ಸೇರಿದ್ದು.

ಇದು ಕಾಗದದ ಮೇಲಿನ ಸೇನೆಯೇನಲ್ಲ. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದೊಡನೆ ಬಿಸಿ ಏರಿದ್ದ ದಿನಗಳಲ್ಲಿ, ಪ್ರಾದೇಶಿಕ ಸೇನೆಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ವಿವಿಧ ಕಮಾಂಡ್‌ಗಳಲ್ಲಿ ನಿಯೋಜಿಸಬಹುದೆಂದು ಆ ಆದೇಶ ಹೇಳಿತು.

ಇನ್ನು ಗೃಹರಕ್ಷಕ ದಳ. ಅದು 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿತು. ಉತ್ತರ ಕನ್ನಡ ಆಗ ಆ ಪ್ರಾಂತ್ಯದ ಜಿಲ್ಲೆ. ಹೀಗಾಗಿ ಹಳೆಯ ಮೈಸೂರಿನವರಿಗಿಂತ ಮೊದಲೇ ನಮ್ಮ ಜಿಲ್ಲೆ ಆ ಕಾನೂನಿನ ವ್ಯಾಪ್ತಿಗೆ ಬಂದಿತ್ತು. ಮೈಸೂರು ರಾಜ್ಯ ತನ್ನದೇ ಗೃಹರಕ್ಷಕ ಕಾಯ್ದೆ ಮಾಡಿದ್ದು 1962ರಲ್ಲಿ. ಚೀನಾ ಯುದ್ಧದ ವರ್ಷ ಅದು. ನಾಗರಿಕ ರಕ್ಷಣಾ ಕಾಯ್ದೆ ಬಂದದ್ದು 1968ರಲ್ಲಿ. ಮೊದಲು ಶತ್ರುವಿನ ದಾಳಿಗೆ ಮಾತ್ರ ಸೀಮಿತವಾಗಿದ್ದ ಆ ಕಾಯ್ದೆಗೆ 2009ರ ತಿದ್ದುಪಡಿ ಪ್ರಕೃತಿ ವಿಕೋಪವನ್ನೂ ಸೇರಿಸಿತು. ಈ ತಿದ್ದುಪಡಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಿ ಇಷ್ಟು ಉದ್ದವಾಗಿದ್ದರೂ ಒಂದು ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಹೆಸರು ಬರೆಸಿಕೊಂಡವನಿಗೆ ಏನು ಮಾಡಲು ಬರುತ್ತದೆ? ಅದಕ್ಕೆ ಉತ್ತರ ಹುಡುಕಲು ಈ ತೀರದ ಇತಿಹಾಸಕ್ಕೇ ಹೋಗಬೇಕು. ಎರಡನೆಯ ಭಾಗ ಇಲ್ಲಿಂದ ಆರಂಭ.

ಬಿಣಗಾ ತೀರದಲ್ಲಿ ನಿಂತರೆ ಬರಿಗಣ್ಣಿಗೆ ಕಾಣುವ ಅಂಜುದೀವ್ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರ್ 17ರಂದು ದ್ವೀಪದಿಂದ ಗುಂಡು ಹಾರಿತು. ಬಿದ್ದದ್ದು ಯುದ್ಧನೌಕೆಗಲ್ಲ, ಸಾಬರಮತಿ ಎಂಬ ಪ್ರಯಾಣಿಕರ ಹಡಗಿಗೆ. ಕೆಲವೇ ದಿನಗಳಲ್ಲಿ ಮೀನುಗಾರಿಕೆ ದೋಣಿಯೊಂದರ ಮೇಲೆ ಗುಂಡು ಹಾರಿತು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲದಿಂದ ನಾವಿಕರ ತುಕಡಿ ದ್ವೀಪಕ್ಕೆ ಇಳಿಯಿತು. ಬೆಂಬಲಕ್ಕೆ ಐಎನ್‌ಎಸ್ ಮೈಸೂರು ನಿಂತಿತ್ತು. ಆ ಕಾರ್ಯಾಚರಣೆಯಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು. ಗೋವಾ ವಿಮೋಚನೆಯ ಕಥೆಯಲ್ಲಿ ಅಂಜುದೀವ್‌ಗೆ ಸಿಗುವುದು ಎರಡು ಸಾಲು. ಕಾರವಾರದವರಿಗೆ ಅದು ಮನೆಯ ಅಂಗಳದ ಯುದ್ಧ. ಅವತ್ತು ಮೊದಲು ಪೆಟ್ಟು ತಿಂದವರು ಬಲೆ ಹಾಕಲು ಹೋದವರು ಮತ್ತು ಟಿಕೆಟ್ ತೆಗೆದು ಕುಳಿತವರು. ಗಡಿ ಸಮುದ್ರದಲ್ಲಿದ್ದರೆ ಹೀಗೇ. ಸೈನಿಕನಿಗಿಂತ ಮುಂದೆ ಅಲ್ಲಿ ಮೀನುಗಾರ ಇರುತ್ತಾನೆ, ಅವನನ್ನು ಯಾರೂ ಪಟ್ಟಿಗೆ ಸೇರಿಸದಿದ್ದರೂ.

ಇನ್ನೊಂದು ಪಾಠ ಚೆಂಡಿಯಾದ್ದು. ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯಲ್ಲಿರುವ ಈ ಹಳ್ಳಿಯಲ್ಲಿ 1918ರ ಜೂನ್ 26ರಂದು ರಾಮ ರಾಘೋಬ ರಾಣೆ ಹುಟ್ಟಿದರು. ತಂದೆ ಪೊಲೀಸ್ ಪೇದೆ. ಮಗ 1940ರಲ್ಲಿ ಬಾಂಬೆ ಎಂಜಿನಿಯರ್ಸ್ ಸೇರಿದರು. ಬರ್ಮಾದ ಕಾಡುಗಳಲ್ಲಿ ಎರಡನೆಯ ಮಹಾಯುದ್ಧ ನೋಡಿದರು. 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ನಾಲ್ಕು ತಿಂಗಳೂ ತುಂಬಿರಲಿಲ್ಲ, ಕಾಶ್ಮೀರ ಯುದ್ಧದಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಅವರ ತುಕಡಿ ಬಂದು ನಿಂತಿತು.

ಆ ದಾರಿಯಲ್ಲಿ ನಡೆದದ್ದನ್ನು ತುಸು ಹತ್ತಿರದಿಂದ ನೋಡಬೇಕು. 1948ರ ಏಪ್ರಿಲ್ 8. ಟ್ಯಾಂಕುಗಳು ಹಿಂದೆ ಸಾಲಾಗಿ ನಿಂತಿವೆ, ಮುಂದೆ ಹೋಗಲು ಆಗುತ್ತಿಲ್ಲ. ರಸ್ತೆಗೆ ಅಡ್ಡವಾಗಿ ತಡೆ, ತಡೆಯ ಸುತ್ತ ನೆಲಬಾಂಬು. ರಾಣೆಯವರ ತಂಡ ಕೆಲಸಕ್ಕೆ ಕೈ ಹಾಕುವಷ್ಟರಲ್ಲಿ ಮಾರ್ಟರ್ ಶೆಲ್‌ಗಳು ಬಿದ್ದವು. ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದೆ ಸರಿಯಲಿಲ್ಲ. ಚಲಿಸುವ ಟ್ಯಾಂಕಿನ ಅಡಿಯಲ್ಲಿ ತಾವೂ ತೆವಳುತ್ತ, ಹಗ್ಗ ಎಳೆದು ಒಳಗಿದ್ದ ಚಾಲಕನಿಗೆ ನಿಲ್ಲು, ನಡೆ ಎಂಬ ಸನ್ನೆ ಕೊಡುತ್ತ ನೆಲಬಾಂಬಿನ ಹಾದಿ ದಾಟಿಸಿದರೆಂಬ ವಿವರ ಅವರ ಕುರಿತ ಬರಹಗಳಲ್ಲಿ ಬರುತ್ತದೆ. ಮುಂದೆ ರಸ್ತೆಗೆ ಕೆಡವಿದ್ದ ಪೈನ್ ಮರಗಳನ್ನು ಸಿಡಿಸಿದರು, ಸುತ್ತುದಾರಿ ಕಡಿಸಿದರು, ಚಿಂಗಾಸ್ ತಲುಪಿದ ಮೇಲೂ ರಾತ್ರಿಯವರೆಗೆ ದಾರಿ ಬಿಡಿಸುತ್ತಲೇ ಇದ್ದರು. ನಾಲ್ಕು ದಿನ ಹೀಗೆ ನಡೆಯಿತು. ಏಪ್ರಿಲ್ 12ರಂದು ಸೇನೆ ರಜೌರಿ ಹೊಕ್ಕಿತು. ರಾಣೆಯವರಿಗೆ ಪರಮವೀರ ಚಕ್ರ ಬಂತು. ಮೇಜರ್ ಆಗಿ ನಿವೃತ್ತರಾದ ಅವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಬಳಿ ಅವರ ಪ್ರತಿಮೆ ಇದೆ. ಪ್ರವಾಸಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ, ಹೆಸರು ಓದುವವರು ಕಡಿಮೆ.

ರಾಣೆ ಪೂರ್ಣಾವಧಿ ಸೈನಿಕರು, ಮೀಸಲು ಬಲದ ಚರ್ಚೆಯಲ್ಲಿ ಅವರೇಕೆ ಎಂದು ಯಾರಾದರೂ ಕೇಳಬಹುದು. ಅವರ ಸಾಹಸ ಗುಂಡು ಹಾರಿಸಿದ್ದರಲ್ಲಿ ಇರಲಿಲ್ಲ, ದಾರಿ ಬಿಡಿಸಿದ್ದರಲ್ಲಿ ಇತ್ತು; ಅದಕ್ಕಾಗಿ. ಯುದ್ಧ ಮುಂದೆ ಸಾಗುವುದು ಅಡ್ಡ ಬಿದ್ದ ಮರ ತೆಗೆಯುವವನಿಂದ, ಕುಸಿದ ಮಣ್ಣು ಸರಿಸುವವನಿಂದ, ನದಿಗೆ ಇಳಿಯಬಲ್ಲವನಿಂದ. ಈ ಕೌಶಲಗಳು ಇವತ್ತು ಬ್ಯಾರಕ್ಕಿನ ಒಳಗಿಗಿಂತ ಹೊರಗೆ ಹೆಚ್ಚಿವೆ. ಜೆಸಿಬಿ ಓಡಿಸುವವರು, ಕ್ರೇನ್ ಆಪರೇಟರ್‌ಗಳು, ಕಲ್ಲುಕ್ವಾರಿಯವರು, ಅರಬೈಲ್ ಘಟ್ಟವನ್ನು ಕಣ್ಣುಮುಚ್ಚಿ ಇಳಿಸಬಲ್ಲ ಲಾರಿ ಚಾಲಕರು, ಬಿರುಗಾಳಿಯಲ್ಲಿ ಅಳಿವೆ ದಾಟಿಸುವ ತಾಂಡೇಲರು ಎಲ್ಲರೂ ಈ ಎರಡು ತಾಲೂಕುಗಳಲ್ಲೇ ಇದ್ದಾರೆ. ಅವರ ಹೆಸರು ಯಾವ ಮೀಸಲು ಪಟ್ಟಿಯಲ್ಲಿದೆ?

ಮೂರನೆಯ ವಿಷಯ, ಸಮುದ್ರದ ಕಾವಲು. ಈ ವಿಷಯದಲ್ಲಿ ದೇಶಕ್ಕೆ ಬುದ್ಧಿ ಬಂದದ್ದು 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ. ಹತ್ತು ಮಂದಿ ದಾಳಿಕೋರರು ಕುಬೇರ್ ಎಂಬ ನಮ್ಮದೇ ಮೀನುಗಾರಿಕೆ ದೋಣಿಯನ್ನು ಹಿಡಿದು, ಅದರ ತಾಂಡೇಲನನ್ನು ಕೊಂದು, ಮುಂಬೈಗೆ ಬಂದಿಳಿದರು. ದಡದಲ್ಲಿ ಅವರನ್ನು ಮೊದಲು ಕಂಡು ಅನುಮಾನಪಟ್ಟವರೂ ಮೀನುಗಾರರೇ. ಆ ಅನುಮಾನ ಹೊತ್ತಿಗೆ ಸರಿಯಾಗಿ ತಲುಪಬೇಕಾದಲ್ಲಿಗೆ ತಲುಪಲಿಲ್ಲ, ಅಷ್ಟೇ.

ಆನಂತರ ಬಹಳಷ್ಟು ಬದಲಾಯಿತು. ನೌಕಾಪಡೆಗೆ ಇಡೀ ಕರಾವಳಿ ಭದ್ರತೆಯ ಹೊಣೆ ಬಂತು. ಕರ್ನಾಟಕದ ಸುಮಾರು 320 ಕಿಲೋಮೀಟರ್ ತೀರಕ್ಕೆ ಕರಾವಳಿ ಕಾವಲು ಪೊಲೀಸ್ ಠಾಣೆಗಳು ಬಂದವು. ಕೇಂದ್ರ ಕಚೇರಿ ಮಲ್ಪೆಯಲ್ಲಿ. ಈ ಭಾಗದಲ್ಲಿ ಕಾರವಾರ ಮತ್ತು ಬೇಲೆಕೇರಿಯಲ್ಲಿ ಒಂದೊಂದು ಠಾಣೆ. ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗಳಿಗೆ ನೋಂದಣಿ ಸಂಖ್ಯೆ ಮತ್ತು ಬಣ್ಣ ನಿಗದಿಯಾದವು. ಕರಾವಳಿಯ ಯುವಕರನ್ನು ಗೃಹರಕ್ಷಕರ ನೆಲೆಯಲ್ಲಿ ಸೇರಿಸಿಕೊಂಡು ಕರಾವಳಿ ನಿಯಂತ್ರಣ ದಳವನ್ನೂ ರಾಜ್ಯ ಕಟ್ಟಿತು. ಸಾಗರ ಕವಚ ಎಂಬ ಅಣಕು ಕಾರ್ಯಾಚರಣೆ ಆಗಾಗ ನಡೆಯುತ್ತದೆ. 2019ರ ಜನವರಿಯಲ್ಲಿ ಸೀ ವಿಜಿಲ್ ಹೆಸರಿನಲ್ಲಿ ದೇಶದ ಇಡೀ ಕರಾವಳಿಯಲ್ಲಿ ಒಟ್ಟಿಗೆ ಅಂಥದ್ದೊಂದು ತಾಲೀಮು ಮೊದಲ ಬಾರಿ ನಡೆಯಿತು. ಕೆಂಪು ತಂಡದವರು ಉಗ್ರರ ವೇಷದಲ್ಲಿ ದೋಣಿಯಲ್ಲಿ ನುಸುಳಲು ನೋಡುವುದು, ನೀಲಿ ತಂಡದವರು ತಡೆಯುವುದು ಇದರ ಆಟ. ಬೈತಖೋಲದಿಂದ ದೋಣಿ ಬಿಡುವವರಿಗೆ ಈ ಆಟ ಹೊಸದಲ್ಲ. ಯಾವ ದೋಣಿ ನಮ್ಮದು, ಯಾವುದು ಗೋವಾದ್ದು, ಯಾವುದು ಮಲ್ಪೆಯದ್ದು ಎಂಬುದನ್ನು ಅವರು ಎಂಜಿನ್ ಸದ್ದಿನ ಮೇಲೇ ಹೇಳಿಬಿಡುತ್ತಾರೆ. ರೇಡಾರ್‌ಗೆ ಸಿಗದ ಸಣ್ಣ ಪಾತಿದೋಣಿ ಅವರ ಕಣ್ಣಿಗೆ ಸಿಗುತ್ತದೆ.

ಈ ತೀರದಲ್ಲಿ ಜನರನ್ನು ಕ್ಷಣದಲ್ಲಿ ಕೂಡಿಸುವ ಪದ್ಧತಿ ಹಿಂದೆಯೂ ಇತ್ತು. ರಂಪಣಿ ಬಲೆಯನ್ನು ಕಂಡ ಹಿರಿಯರು ಸಭೆಯಲ್ಲಿದ್ದಾರೆ. ಬಂಗಡೆ, ತಾರ್ಲೆ ಹಿಂಡು ದಡದ ಹತ್ತಿರ ಬಂದ ಸುಳಿವು ಸಿಕ್ಕರೆ ಕೇರಿಗೆ ಕೇರಿಯೇ ಓಡಿ ಬರುತ್ತಿತ್ತು. ದೋಣಿಯಲ್ಲಿ ಯಾರು, ಹಗ್ಗದ ಯಾವ ತುದಿಗೆ ಯಾರು, ಯಾರಿಗೆ ಎಷ್ಟು ಪಾಲು ಎಂಬುದೆಲ್ಲ ಮೊದಲೇ ಗೊತ್ತಿರುತ್ತಿತ್ತು. ಬಲೆ ಎಳೆಯುವ ಹೊತ್ತಿಗೆ ಚರ್ಚೆ ಇರಲಿಲ್ಲ. ಪರ್ಸಿನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಮೀಸಲು ಬಲ ಸಜ್ಜಾಗಿದೆ ಎಂದರೆ ಹೇಗಿರಬೇಕು ಎಂದು ಕೇಳಿದರೆ, ರಂಪಣಿಯ ದಡದ ಹಾಗೆ ಇರಬೇಕು ಎಂದು ಹೇಳಬಹುದು. ಕೆಲಸ ಗೊತ್ತು, ಜಾಗ ಗೊತ್ತು, ಪಾಲೂ ಗೊತ್ತು.

ಆ ಕೊನೆಯ ಮಾತು ಮುಖ್ಯ. ಪ್ರಾದೇಶಿಕ ಸೇನೆಯ ಕಾಯ್ದೆಯಲ್ಲಿ ಒಂದು ಒಳ್ಳೆಯ ಕಲಮು ಇದೆ: ಕರೆಯ ಮೇಲೆ ಸೇವೆಗೆ ಹೋದವನನ್ನು ಮರಳಿದ ಮೇಲೆ ಅವನ ನೌಕರಿಗೆ ತೆಗೆದುಕೊಳ್ಳಲೇಬೇಕು. ಬ್ಯಾಂಕಿನವನಿಗೆ, ಕಾರ್ಖಾನೆಯವನಿಗೆ ಇದು ದೊಡ್ಡ ಆಸರೆ. ಟ್ರಾಲರ್‌ನಲ್ಲಿ ಪಾಲಿನ ಮೇಲೆ ದುಡಿಯುವ ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ ಹುಡುಗನಿಗೆ ಮಾಲೀಕನೆಂದರೆ ಯಾರು? ಅವನು ಅಣಕು ಕಾರ್ಯಾಚರಣೆಗೆ ಒಂದು ದಿನ ಬಂದರೆ ಆ ದಿನದ ಪಾಲು ಹೋಯಿತು, ತುಂಬಿಕೊಡುವವರಿಲ್ಲ. ಗೃಹರಕ್ಷಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಮಾತು ಸ್ಪಷ್ಟ ಮಾಡಿತು: ಅವರು ಕಾಯಂ ನೌಕರರಲ್ಲ, ಆದರೆ ಅವರ ಕರ್ತವ್ಯ ಭತ್ಯೆ ಪೊಲೀಸ್ ಕಾನ್‌ಸ್ಟೆಬಲ್‌ನ ಕನಿಷ್ಠ ವೇತನಕ್ಕೆ ಸಮನಾಗಿರಬೇಕು. ಮೀನುಗಾರ ಸ್ವಯಂಸೇವಕನಿಗೆ ಇಂಥ ತೀರ್ಪಿನ ಆಸರೆಯೂ ಇಲ್ಲ. ಅವನಿಂದ ದೇಶಭಕ್ತಿಯನ್ನು ಉಚಿತವಾಗಿ ಕೇಳಲಾಗುತ್ತಿದೆ. ನೌಕಾನೆಲೆಗಾಗಿ ತನ್ನ ದಡವನ್ನೇ ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದ ಜನರಿಂದ ಹಾಗೆ ಕೇಳುವುದು ನ್ಯಾಯವಲ್ಲ.

ಹೆಂಗಸರ ಮಾತನ್ನೂ ಇಲ್ಲೇ ಆಡಿಬಿಡಬೇಕು. ದೋಣಿ ಎಷ್ಟು ಹೊತ್ತಿಗೆ ಬರಬೇಕಿತ್ತು, ಬಂದಿಲ್ಲವೇಕೆ ಎಂಬುದು ಠಾಣೆಗಿಂತ ಮೊದಲು ತಿಳಿಯುವುದು ಮೀನು ಕೊಳ್ಳಲು ಬುಟ್ಟಿ ಹಿಡಿದು ಬಂದರಿನಲ್ಲಿ ಕಾಯುವ ಹೆಂಗಸರಿಗೆ. ಕರಾವಳಿ ಭದ್ರತೆಯ ಸಭೆಗಳಿಗೆ ಅವರನ್ನು ಕರೆದದ್ದು ಕಡಿಮೆ.

ಹೊರದೇಶಗಳತ್ತ ಒಂದು ನೋಟ ಹಾಯಿಸಿ ಮುಂದೆ ಹೋಗೋಣ. ಸುಮಾರು 55 ಲಕ್ಷ ಜನಸಂಖ್ಯೆಯ ಫಿನ್ಲೆಂಡ್ ಯುದ್ಧ ಬಂದರೆ 2.8 ಲಕ್ಷ ಸೈನಿಕರನ್ನು ನಿಲ್ಲಿಸುವ ಲೆಕ್ಕ ಇಟ್ಟುಕೊಂಡಿದೆ. ಹೆಚ್ಚಿನವರು ತರಬೇತಾದ ಮೀಸಲಿನವರು, ಮತ್ತೆ ಮತ್ತೆ ಮರುತರಬೇತಿಗೆ ಬರುವವರು. ಉಕ್ರೇನ್ ತನ್ನ ಊರು ಕಾಯುವ ಪಡೆಗೆ ಹೊಸ ಕಾನೂನು ಜಾರಿ ಮಾಡಿದ್ದು 2022ರ ಜನವರಿ 1ರಂದು. ಎಂಟು ವಾರ ತುಂಬುವ ಮೊದಲೇ, ಫೆಬ್ರುವರಿ 24ರಂದು, ರಷ್ಯಾ ದಾಳಿ ಮಾಡಿತು. ಸೇರಲು ಬಂದವರ ಸಾಲು ಉದ್ದವಿತ್ತು, ಕಲಿಸಲು ಸಮಯ ಇರಲಿಲ್ಲ. ಭಾರತಕ್ಕೆ ಕಡ್ಡಾಯ ಸೈನಿಕ ಸೇವೆ ಬೇಕಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಸೇರುವವರಿಗೆ ಬರವಿಲ್ಲ. ಕಲಿತದ್ದನ್ನು ಮರೆಯದಂತೆ ನೋಡಿಕೊಳ್ಳುವ ಫಿನ್ಲೆಂಡಿನ ಶಿಸ್ತು ಬೇಕು.

ಈಗ ಕೊನೆಯ ಭಾಗ, 2024ರ ಮಳೆಗಾಲ.

ಆ ವರ್ಷದ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಹೋಟೆಲ್ ಅದರಲ್ಲಿದ್ದ ಕುಟುಂಬದ ಸಮೇತ ಹೋಯಿತು. ಲಾರಿಗಳು ಗಂಗಾವಳಿಗೆ ಬಿದ್ದವು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಗ್ಯಾಸ್ ತುಂಬಿದ ಟ್ಯಾಂಕರ್ ಒಂದು ತೇಲಿಕೊಂಡು ಸಗಡಗೇರಿಯ ತನಕ ಹೋಯಿತು. ಅದರೊಳಗಿನ ಅನಿಲವನ್ನು ಎಚ್ಚರಿಕೆಯಿಂದ ಖಾಲಿ ಮಾಡಬೇಕಾಯಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು, ನಡುವೆ ಒಂದೇ ಹೆದ್ದಾರಿ. ನೌಕಾನೆಲೆಗೆ ದಕ್ಷಿಣದಿಂದ ಬರುವ ರಸ್ತೆಯೂ ಅದೇ. ಇದು ಶತ್ರುವಿನ ಕೆಲಸವಾಗಿರಲಿಲ್ಲ. ಆಗಿದ್ದರೂ ಮಾಡಬೇಕಾದ ಕೆಲಸ ಬೇರೆ ಇರುತ್ತಿರಲಿಲ್ಲ: ಮಣ್ಣು ಸರಿಸುವುದು, ಜನರನ್ನು ಹುಡುಕುವುದು, ಅನಿಲ ಖಾಲಿ ಮಾಡುವುದು, ದಾರಿ ಬಿಡಿಸುವುದು. ನೌಶೇರಾ ರಸ್ತೆಯಲ್ಲಿ ರಾಣೆ ಮಾಡಿದ ಕೆಲಸದ ಜಾತಿಯೇ ಇದೂ.

ಯಾರು ಯಾರು ಬಂದರು ಎಂಬ ಲೆಕ್ಕ ನೋಡಿದರೆ ವಿಷಯ ತಿಳಿಯಾಗುತ್ತದೆ. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಪೊಲೀಸ್, ಅಗ್ನಿಶಾಮಕ ದಳ, ನೌಕಾಪಡೆಯ ಮುಳುಗುಗಾರರು ಬಂದರು. ಕೆಲವು ದಿನಗಳ ಮೇಲೆ ಬೆಳಗಾವಿಯಿಂದ ಸೇನೆಯ ತಂಡ ಬಂತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ನೆಲದಡಿಯ ವಸ್ತುವನ್ನು ಪತ್ತೆ ಮಾಡುವ ಉಪಕರಣ ಹೊತ್ತ ಡ್ರೋನ್ ತಂದರು. ಮಲ್ಪೆಯಿಂದ ಹವ್ಯಾಸಿ ಮುಳುಗುಗಾರ ಈಶ್ವರ ಮಲ್ಪೆ ತಮ್ಮ ಸಂಗಡಿಗರನ್ನು ಕರೆದುಕೊಂಡು ಬಂದು ಕೆಸರು ನೀರಿಗೆ ಧುಮುಕಿದರು. ನದಿಯ ಸೆಳೆತಕ್ಕೆ ತರಬೇತಾದ ಮುಳುಗುಗಾರರೂ ಇಳಿಯಲಾಗದ ದಿನಗಳವು. ಕಡೆಗೆ ಗೋವಾದಿಂದ ಡ್ರೆಜರ್ ಬಂತು. ಗುಡ್ಡ ಕುಸಿದಾಗ ನದಿಗೆ ಬಿದ್ದಿದ್ದ ಕೇರಳದ ಲಾರಿಯೊಂದು, ಚಾಲಕನ ಶವದ ಸಮೇತ, ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳ ಮೇಲಾಗಿತ್ತು.

ಬಂದವರ ಶ್ರಮದ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆದರೆ ನಿವೃತ್ತ ಸೇನಾಧಿಕಾರಿ, ಹವ್ಯಾಸಿ ಮುಳುಗುಗಾರ, ಡ್ರೆಜರ್ ಇವೆಲ್ಲ ಬಂದದ್ದು ಒಂದೊಂದಾಗಿ, ಒಬ್ಬರ ನೆನಪಿನಿಂದ, ಇನ್ನೊಬ್ಬರ ಒತ್ತಾಯದಿಂದ. ಮೊದಲ ದಿನವೇ ತೆರೆದು ನೋಡಬಹುದಾದ ಪಟ್ಟಿಯೊಂದು ಮೇಜಿನ ಮೇಲಿದ್ದು ಬಂದವರಲ್ಲ ಅವರು. ಮೀಸಲು ಬಲ ನಮ್ಮಲ್ಲಿದೆ, ಮೀಸಲಿನ ಲೆಕ್ಕ ನಮ್ಮಲ್ಲಿಲ್ಲ ಎಂದು ಶಿರೂರು ತೋರಿಸಿತು.

ಶಿರೂರಿನ ಶೋಧ ಮುಗಿಯುವ ಮೊದಲೇ, ಆಗಸ್ಟ್ 7ರ ನಸುಕಿನ ಸುಮಾರು ಒಂದು ಗಂಟೆಗೆ, ಕಾರವಾರ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮೇಲೆ ಹೋಗುತ್ತಿದ್ದ ತಮಿಳುನಾಡಿನ ಲಾರಿ ನದಿಗೆ ಬಿತ್ತು. ಚಾಲಕ ಕ್ಯಾಬಿನ್ನಿನ ಮೇಲೆ ಹತ್ತಿ ನಿಂತಿದ್ದ. ಅವನನ್ನು ದೋಣಿಗೆ ಹತ್ತಿಸಿಕೊಂಡವರು ಸ್ಥಳೀಯ ಮೀನುಗಾರರು ಮತ್ತು ಪೊಲೀಸರು. ಇಲ್ಲಿ ಯಾವ ಆದೇಶವೂ ಬೇಕಾಗಲಿಲ್ಲ. ದೋಣಿ ಹತ್ತಿರವಿತ್ತು, ನೀರು ಗೊತ್ತಿತ್ತು, ಜನ ಎದ್ದು ಬಂದರು. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಮಂದಿ ಸತ್ತ ನೆನಪು ಈ ತೀರದ ಮೀನುಗಾರರಿಗೆ ಇನ್ನೂ ಹಸಿಯಾಗಿದೆ. ಅಂಥ ನೆನಪೂ ಒಂದು ಬಗೆಯ ತರಬೇತಿ.

2025ರ ಮೇ ತಿಂಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ದೇಶದಾದ್ಯಂತ ನಡೆದಾಗ ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರುಗಳ ಜೊತೆಗೆ ಕಾರವಾರದ ಹೆಸರೂ ಬಂತು. ಬರಲೇಬೇಕಿತ್ತು. ಒಂದೇ ತಾಲೂಕಿನಲ್ಲಿ ನೌಕಾನೆಲೆ ಇದೆ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಅದರ ಪಕ್ಕದಲ್ಲೇ ಕದ್ರಾ ಅಣೆಕಟ್ಟೆ ಇದೆ. ಸೈರನ್ ಕೂಗಿದರೆ ಏನು ಮಾಡಬೇಕು ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೆ ಮಗ್ಗಿಯಷ್ಟು ಬಾಯಿಪಾಠ ಇರಬೇಕು. ಸದ್ಯಕ್ಕೆ ಸೈರನ್ ಕೂಗಿದರೆ ಮೊಬೈಲ್ ಎತ್ತಿ ವಿಡಿಯೊ ಮಾಡುವವರೇ ಹೆಚ್ಚು. ಇದು ಕಾರವಾರದ್ದೊಂದೇ ಕಥೆಯಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಪಟ್ಟಿ. ಜಿಲ್ಲಾಡಳಿತ, ಗೃಹರಕ್ಷಕ ದಳ ಮತ್ತು ಕರಾವಳಿ ಕಾವಲು ಪೊಲೀಸರು ಸೇರಿ, ಪಂಚಾಯಿತಿಗೊಂದರಂತೆ, ಹೆಸರಿಗಿಂತ ಕೌಶಲವನ್ನು ಮುಂದಿಟ್ಟು ಪಟ್ಟಿ ಮಾಡಬೇಕು. ಯಾರಿಗೆ ಮುಳುಗಲು ಬರುತ್ತದೆ, ಯಾರ ಹತ್ತಿರ ಹಿಟಾಚಿ ಇದೆ, ಯಾವ ಮಾಜಿ ನಾವಿಕ ವೈರ್‌ಲೆಸ್ ಬಲ್ಲವನು, ಯಾವ ನರ್ಸ್ ರಜೆಯ ಮೇಲೆ ಊರಲ್ಲಿದ್ದಾಳೆ. 2009ರ ತಿದ್ದುಪಡಿಯಿಂದ ನಾಗರಿಕ ರಕ್ಷಣೆಗೆ ವಿಕೋಪದ ಕೆಲಸವೂ ಸೇರಿರುವುದರಿಂದ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದದಿದ್ದರೆ ಮಾತ್ರ ಅದು ಕಪಾಟಿನ ಕಾಗದವಾಗುತ್ತದೆ.

ತರಬೇತಿಯ ಕಾಲವನ್ನು ಸಮುದ್ರವೇ ನಿಗದಿ ಮಾಡಿಕೊಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ದಡದಲ್ಲಿ, ಜನ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ. ಸಮುದ್ರಕ್ಕೆ ಇಳಿಯಲಾಗದು ನಿಜ. ಆದರೆ ಪ್ರಥಮ ಚಿಕಿತ್ಸೆ, ವೈರ್‌ಲೆಸ್ ಸಂದೇಶ, ಅನಿಲ ಸೋರಿಕೆಯ ಎಚ್ಚರಿಕೆ, ಗುಡ್ಡ ಕುಸಿತದಲ್ಲಿ ಹುಡುಕುವ ಕ್ರಮ ಕಲಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಂದವರಿಗೆ ಗೃಹರಕ್ಷಕರ ದರದಲ್ಲಿ ದಿನಭತ್ಯೆ ಕೊಟ್ಟರೆ ನಿಷೇಧದ ದಿನಗಳ ಒಲೆಗೂ ಆಸರೆಯಾಗುತ್ತದೆ. ಗುಡ್ಡ ಕುಸಿಯುವುದೂ ಇದೇ ತಿಂಗಳುಗಳಲ್ಲಿ. ಕಲಿತದ್ದು ಕೂಡಲೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಅವಕಾಶ ಬಾಗಿಲಿಗೇ ಬರುತ್ತಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಪೈಕಿ ಶೇ 25ರಷ್ಟು ಮಂದಿ ಸೇನೆಯಲ್ಲಿ ಉಳಿಯಬಹುದು; ಉಳಿದವರು ನಾಲ್ಕು ವರ್ಷಕ್ಕೆ ಹೊರಬರುತ್ತಾರೆ. 2022ರ ನವೆಂಬರಿನಲ್ಲಿ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಆರಂಭಿಸಿದ ನೌಕಾಪಡೆಯ ಮೊದಲ ತಂಡದ ಅವಧಿ 2026ರ ಕೊನೆಗೆ ತುಂಬುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸು, ನೌಕೆಯ ಶಿಸ್ತು, ಈಜು, ಎಂಜಿನ್ ಜ್ಞಾನ ಎಲ್ಲ ಇರುವ ಯುವಕರು ಕರಾವಳಿಯ ಊರುಗಳಿಗೆ ಮರಳುತ್ತಾರೆ. ಇವರನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿಗೆ ಬಿಟ್ಟುಕೊಟ್ಟರೆ ಅದಕ್ಕಿಂತ ದಂಡ ಇನ್ನೊಂದಿಲ್ಲ. ಕರಾವಳಿ ಕಾವಲು ಪೊಲೀಸ್ ಠಾಣೆಗಳ ದೋಣಿಗಳಿಗೆ ಇವರೇ ಮೊದಲ ಆಯ್ಕೆ ಆಗಬೇಕು. ಅದರಲ್ಲೂ ಸೀಬರ್ಡ್ ನಿರಾಶ್ರಿತರ ಮನೆಯ ಮಕ್ಕಳಿದ್ದರೆ ಅವರಿಗೆ ಮೊದಲ ಹಕ್ಕು.

ಎನ್‌ಸಿಸಿ ಮಿತ್ರರಿಗೆ ಒಂದು ಮಾತು. ಕೆಡೆಟ್‌ಗಳಿಗೆ ಯುದ್ಧಕ್ಕೆ ಹೋಗುವ ಬಾಧ್ಯತೆ ಕಾನೂನಿನಲ್ಲಿಲ್ಲ. ಸಿ ಸರ್ಟಿಫಿಕೇಟ್ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರೆ ಯಾರೂ ಕೇಳುವುದಿಲ್ಲ. ಪದವಿ ಮುಗಿದ ಮೇಲೂ ಗೃಹರಕ್ಷಕ ದಳದ ಕಚೇರಿಗೆ ಹೋಗಿ ಹೆಸರು ಬರೆಸಿದರೆ ಕಲಿತದ್ದು ಊರಿಗೆ ಉಳಿಯುತ್ತದೆ.

ಸಭೆಯಲ್ಲಿರುವ ದೋಣಿ ಮಾಲೀಕರಲ್ಲಿ, ತಾಂಡೇಲರಲ್ಲಿ, ಬಂದರಿನಲ್ಲಿ ವ್ಯಾಪಾರ ಮಾಡುವ ತಾಯಂದಿರಲ್ಲಿ ಕೊನೆಯದಾಗಿ ಒಂದು ವಿನಂತಿ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ತಟರಕ್ಷಣಾ ಪಡೆಯ ಸಂಖ್ಯೆ 1554. ಎರಡನ್ನೂ ದೋಣಿಯ ಕ್ಯಾಬಿನ್ನಿನಲ್ಲಿ, ಮನೆಯ ಬಾಗಿಲ ಹಿಂದೆ, ಮೀನು ಮಾರುಕಟ್ಟೆಯ ಕಂಬದ ಮೇಲೆ ಬಣ್ಣದಲ್ಲಿ ಬರೆಸಿಡಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪಂಚಾಯಿತಿಯ ಕೌಶಲದ ಪಟ್ಟಿ ಎಲ್ಲಿದೆ ಎಂದು ಎದ್ದು ನಿಂತು ಕೇಳಿ. ಇಲ್ಲವೆಂದರೆ, ಅಲ್ಲೇ ಒಂದು ನೋಟ್‌ಬುಕ್ ತರಿಸಿ ಮೊದಲ ಹೆಸರು ಬರೆಸಿ.